ಅಸೈನ್‌ಮೆಂಟ್ ಬರೆಯುವುದು ಹೇಗೆ: ಪ್ರಶ್ನೆ ಕೈಗೆ ಬಂದ ದಿನದಿಂದ ಸಬ್‌ಮಿಟ್ ಮಾಡುವವರೆಗೆ

ಅಸೈನ್‌ಮೆಂಟ್ ಪ್ರಶ್ನೆ ಸಿಕ್ಕ ತಕ್ಷಣ ತುಂಬ ಜನ ಮಾಡುವ ಕೆಲಸ ಗೂಗಲ್ ತೆರೆಯುವುದು. ಹತ್ತಾರು ಟ್ಯಾಬ್ ತೆರೆಯುತ್ತಾರೆ, ಒಂದೊಂದರಿಂದ ಒಂದಿಷ್ಟು ಎತ್ತಿಟ್ಟುಕೊಳ್ಳುತ್ತಾರೆ, ಕೊನೆಯ ಎರಡು ದಿನ ಕೂತು ಅದನ್ನೆಲ್ಲ ಜೋಡಿಸುತ್ತಾರೆ. ಬರಹ ಉದ್ದವಾಗಿರುತ್ತದೆ, ಮಾಹಿತಿಯೂ ಸರಿಯಾಗಿಯೇ ಇರುತ್ತದೆ. ಆದರೂ ಅಂಕ ಕಡಿಮೆ ಬರುತ್ತದೆ. "ಇಷ್ಟೆಲ್ಲ ಬರೆದಿದ್ದೀನಲ್ಲ, ಇನ್ನೇನು ಬೇಕಿತ್ತು?" ಅಂತ ಬೇಜಾರಾಗುತ್ತದೆ.

ಬೇಕಿದ್ದದ್ದು ಉತ್ತರ. ಕೋರ್ಸ್‌ವರ್ಕ್ ಅಂದರೆ ಒಂದು ಪ್ರಶ್ನೆಗೆ ನೀವು ಕೊಡುವ ಉತ್ತರ, ಜೊತೆಗೆ ಓದುವವರು ಅದನ್ನು ಯಾಕೆ ಒಪ್ಪಬೇಕು ಅನ್ನುವುದಕ್ಕೆ ನೀವು ಒದಗಿಸುವ ಆಧಾರ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಏನು ಓದಬೇಕು, ಏನು ಬಿಡಬೇಕು, ಯಾವುದು ಮೊದಲು ಬರಬೇಕು ಅನ್ನುವುದೆಲ್ಲ ತಾನಾಗಿ ತಿಳಿಯಾಗುತ್ತಾ ಹೋಗುತ್ತದೆ. ವಿಷಯ ಇತಿಹಾಸವಾಗಲಿ, ಅರ್ಥಶಾಸ್ತ್ರವಾಗಲಿ, ಜೀವಶಾಸ್ತ್ರವಾಗಲಿ, ಕೆಲಸ ಇದೇ.

ಉದಾಹರಣೆಗೆ ಒಂದೇ ಪ್ರಶ್ನೆಯನ್ನು ಕೊನೆಯವರೆಗೂ ಜೊತೆಯಲ್ಲಿ ಇಟ್ಟುಕೊಳ್ಳೋಣ. "ಮುದ್ರಣ ಯಂತ್ರ ಇಲ್ಲದಿದ್ದರೆ 16ನೇ ಶತಮಾನದ ಯುರೋಪಿನ ಧರ್ಮ ಸುಧಾರಣೆ ನಡೆಯುತ್ತಿರಲಿಲ್ಲ. ಈ ಮಾತನ್ನು ವಿಮರ್ಶಿಸಿ. 2,500 ಪದಗಳು." ಧರ್ಮ ಸುಧಾರಣೆ ಅಂದರೆ ಕ್ಯಾಥೊಲಿಕ್ ಚರ್ಚಿನ ವಿರುದ್ಧ ಎದ್ದು ಪ್ರಾಟೆಸ್ಟಂಟ್ ಪಂಥಗಳಿಗೆ ಕಾರಣವಾದ ಚಳವಳಿ. ನಿಮ್ಮ ವಿಷಯ ಬೇರೆ ಇರಬಹುದು. ಹೆಜ್ಜೆಗಳು ಅವೇ.

ಮೊದಲು ಪ್ರಶ್ನೆಯನ್ನು ಬಿಡಿಸಿ ನೋಡಿ

ಪ್ರಶ್ನೆಯನ್ನು ಕೈಯಲ್ಲಿ ಬರೆದುಕೊಳ್ಳಿ. ಅದರಲ್ಲಿ ನಿಮಗೆ ಮಾಡಲು ಹೇಳಿರುವ ಕೆಲಸ ಯಾವುದು ಅಂತ ಗೆರೆ ಎಳೆಯಿರಿ. "ವಿವರಿಸಿ" ಅಂದರೆ ಏನು, ಹೇಗೆ, ಯಾಕೆ ಅಂತ ಸ್ಪಷ್ಟವಾಗಿ ಹೇಳಿದರೆ ಸಾಕು. "ಹೋಲಿಸಿ" ಅಂದರೆ ಎರಡನ್ನೂ ಒಂದೇ ಅಳತೆಗೋಲಿನಿಂದ ನೋಡಬೇಕು. ಅರ್ಧ ಬರಹ ಇದರ ಬಗ್ಗೆ, ಇನ್ನರ್ಧ ಅದರ ಬಗ್ಗೆ ಬರೆದರೆ ಹೋಲಿಕೆ ಆಗುವುದಿಲ್ಲ. "ವಿಶ್ಲೇಷಿಸಿ" ಅಂದರೆ ಬಿಡಿಭಾಗಗಳನ್ನು ಬಿಡಿಸಿ ಅವುಗಳ ನಡುವಿನ ಸಂಬಂಧ ತೋರಿಸಬೇಕು. "ವಿಮರ್ಶಿಸಿ" ಅಂದರೆ ಆ ಮಾತು ಎಷ್ಟರ ಮಟ್ಟಿಗೆ ಸರಿ ಅಂತ ತೀರ್ಪು ಕೊಡಬೇಕು.

ನಮ್ಮ ಉದಾಹರಣೆಯಲ್ಲಿ ಹೇಳಿರುವುದು "ವಿಮರ್ಶಿಸಿ" ಅಂತ. ಹಾಗಾಗಿ ಮುದ್ರಣದ ಇತಿಹಾಸ ಪೂರ್ತಿ ಬರೆದರೂ, ಆ ಸುಧಾರಣೆಗೆ ನಾಂದಿ ಹಾಡಿದ ಜರ್ಮನ್ ಧರ್ಮಗುರು ಮಾರ್ಟಿನ್ ಲೂಥರ್ ಜೀವನ ಪೂರ್ತಿ ಬರೆದರೂ ಪ್ರಶ್ನೆಗೆ ಉತ್ತರ ಆಗುವುದಿಲ್ಲ. ಪ್ರಶ್ನೆಯ ಜೀವ ಇರುವುದು "ನಡೆಯುತ್ತಿರಲಿಲ್ಲ" ಅನ್ನುವ ಖಡಾಖಂಡಿತ ಮಾತಿನಲ್ಲಿ. ಮುದ್ರಣ ನೆರವಾಯಿತು ಅಂತ ಹೇಳುವುದು ಸುಲಭ. ಅದು ಇಲ್ಲದೇ ಆಗುತ್ತಲೇ ಇರಲಿಲ್ಲ ಅಂತ ಹೇಳುವುದು ಬೇರೆಯೇ ಮಾತು. ಈ ವ್ಯತ್ಯಾಸ ಕಣ್ಣಿಗೆ ಬಿದ್ದ ವಿದ್ಯಾರ್ಥಿ ಅಲ್ಲೇ ಅರ್ಧ ದಾರಿ ಮುಂದೆ ಇರುತ್ತಾರೆ.

ಆಮೇಲೆ ಮಾರ್ಕಿಂಗ್ ಸ್ಕೀಮ್ ಓದಿ. ಅದನ್ನು ಕೊಟ್ಟಿದ್ದರೂ ತೆರೆದು ನೋಡದವರೇ ಜಾಸ್ತಿ. ವಾದಕ್ಕೆ 40 ಅಂಕ, ಆಧಾರಕ್ಕೆ 30, ಭಾಷೆಗೆ 15, ಉಲ್ಲೇಖಕ್ಕೆ 15 ಅಂತ ಇದ್ದರೆ ನಿಮ್ಮ ಸಮಯವನ್ನೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಹಂಚಬೇಕು. ಪದಮಿತಿಗೆ ಉಲ್ಲೇಖ ಪಟ್ಟಿ ಸೇರುತ್ತದಾ, ಯಾವ ಉಲ್ಲೇಖ ಶೈಲಿ ಬಳಸಬೇಕು, ತಡವಾದರೆ ಎಷ್ಟು ಅಂಕ ಕಡಿತ, ಎಐ ಬಳಸಬಹುದಾ, ಇಷ್ಟನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಗೊತ್ತಾಗದ್ದನ್ನು ಆಗಲೇ ಮೇಷ್ಟ್ರ ಹತ್ತಿರ ಕೇಳಿಬಿಡಿ. ಮೊದಲ ವಾರ ಕೇಳಿದ ಪ್ರಶ್ನೆಗೆ ಸಾವಧಾನದ ಉತ್ತರ ಸಿಗುತ್ತದೆ. ಕೊನೆಯ ರಾತ್ರಿ ಕಳಿಸಿದ ಮೇಲ್‌ಗೆ ಉತ್ತರ ಬರುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ

ನಮಗೆ ಎಷ್ಟು ಸಮಯ ಬೇಕು ಅನ್ನುವ ನಮ್ಮದೇ ಅಂದಾಜನ್ನು ನಂಬಬಾರದು. ಇದಕ್ಕೆ ಸಂಶೋಧನೆಯ ಆಧಾರ ಇದೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ಮನುಷ್ಯರು ಕಡಿಮೆ ಅಂದಾಜು ಮಾಡುವ ಈ ಒಲವಿಗೆ ಮನಶ್ಶಾಸ್ತ್ರಜ್ಞರಾದ ಡ್ಯಾನಿಯೆಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ "ಪ್ಲ್ಯಾನಿಂಗ್ ಫ್ಯಾಲಸಿ" ಅಂತ ಹೆಸರಿಟ್ಟರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಇದನ್ನು ಪದವಿ ವಿದ್ಯಾರ್ಥಿಗಳ ಮೇಲೆಯೇ ಪರೀಕ್ಷಿಸಿದರು. ಆನರ್ಸ್ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದಾಗ ಬಂದ ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೈಕೊಟ್ಟರೆ ಎಷ್ಟು ಅಂದಾಗ ಸುಮಾರು 49. ನಿಜಕ್ಕೂ ಹಿಡಿದದ್ದು ಸುಮಾರು 56 ದಿನ. ಕೆಟ್ಟದ್ದನ್ನು ಊಹಿಸಿ ಹೇಳಿದ ಲೆಕ್ಕವೂ ಸಾಲಲಿಲ್ಲ.

ಹಾಗಾಗಿ ನಿಮ್ಮ ಅಂದಾಜಿಗೆ ಅರ್ಧದಷ್ಟು ಸೇರಿಸಿ. ಆರು ದಿನ ಸಾಕು ಅನ್ನಿಸಿದರೆ ಒಂಬತ್ತು ದಿನ ಇಟ್ಟುಕೊಳ್ಳಿ. ಯೋಜನೆಯನ್ನು ಇವತ್ತಿನಿಂದ ಮುಂದಕ್ಕೆ ಹಾಕಬೇಡಿ, ಸಬ್‌ಮಿಟ್ ಮಾಡುವ ದಿನದಿಂದ ಹಿಂದಕ್ಕೆ ಹಾಕಿ. ನಾಲ್ಕು ವಾರ ಇದೆ ಅಂದುಕೊಳ್ಳೋಣ. ಗಡುವಿಗೆ ಎರಡು ದಿನ ಮುಂಚೆಯೇ ನಿಮ್ಮ ಲೆಕ್ಕದ ಕೊನೆಯ ದಿನ. ಅದರ ಹಿಂದಿನ ಐದು ದಿನ ತಿದ್ದುಪಡಿಗೆ. ಅದಕ್ಕೂ ಹಿಂದಿನ ಒಂದು ವಾರ ಮೊದಲ ಡ್ರಾಫ್ಟ್‌ಗೆ. ಉಳಿದ ಎರಡು ವಾರದಲ್ಲಿ ಓದು, ನೋಟ್ಸ್, ಔಟ್‌ಲೈನ್. ಬೇರೆ ವಿಷಯಗಳ ಪರೀಕ್ಷೆ ಇರುವ ದಿನಗಳನ್ನು ಮೊದಲೇ ಹೊಡೆದುಹಾಕಿ. ಆ ದಿನಗಳಲ್ಲಿ ಬರೆಯುತ್ತೇನೆ ಅಂತ ಯಾರು ಹೇಳಿದರೂ ಅದು ಆಗುವುದಿಲ್ಲ.

"ಇವತ್ತು ಅಸೈನ್‌ಮೆಂಟ್ ಮಾಡಬೇಕು" ಅನ್ನುವುದು ಯೋಜನೆ ಅಲ್ಲ. "ಇವತ್ತು ಎರಡು ಸಂಶೋಧನಾ ಪೇಪರ್ ಓದಿ ಒಂದೊಂದಕ್ಕೂ ಅರ್ಧ ಪುಟ ನೋಟ್ಸ್ ಬರೆಯಬೇಕು" ಅನ್ನುವುದು ಯೋಜನೆ. ಮುಗಿಯಿತೋ ಇಲ್ಲವೋ ಅಂತ ಸಂಜೆ ನೋಡಿ ಹೇಳುವ ಹಾಗಿರಬೇಕು. ಕೂರಲು ಮನಸ್ಸು ಬಾರದ ದಿನ 25 ನಿಮಿಷಕ್ಕೆ ಅಲಾರಂ ಇಟ್ಟು ಅಷ್ಟು ಹೊತ್ತು ಮಾತ್ರ ಕೂರಿ. ಫ್ರಾಂಚೆಸ್ಕೊ ಚಿರಿಲ್ಲೊ ರೂಪಿಸಿದ ಪೊಮೊಡೊರೊ ವಿಧಾನ ಇದೇ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಶುರು ಮಾಡುವುದೇ ಕಷ್ಟ ಅನ್ನುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಓದು: ವಿಕಿಪೀಡಿಯದಿಂದ ಜರ್ನಲ್‌ವರೆಗೆ

ವಿಕಿಪೀಡಿಯ ಓದಬೇಡಿ ಅಂತ ಹೇಳುವವರಿದ್ದಾರೆ. ನಾನು ಓದಿ ಅನ್ನುತ್ತೇನೆ, ಆದರೆ ಮೊದಲ ದಿನ ಮಾತ್ರ. ವಿಷಯದ ನಕ್ಷೆ, ಮುಖ್ಯ ಹೆಸರುಗಳು, ಇಸವಿಗಳು ಅಲ್ಲಿ ಬೇಗ ಸಿಗುತ್ತವೆ. ಆ ಲೇಖನದ ಕೆಳಗಿರುವ ಉಲ್ಲೇಖಗಳಿಂದ ಮುಂದಿನ ಓದು ಶುರುವಾಗಬೇಕು. ನಿಮ್ಮ ಬರಹದ ಆಧಾರ ಪಟ್ಟಿಯಲ್ಲಿ ವಿಕಿಪೀಡಿಯ ಬರಬಾರದು.

ಎರಡನೇ ಹೆಜ್ಜೆ ಕೋರ್ಸ್‌ನ ಓದುಪಟ್ಟಿ. ಮೂರನೆಯದು ಗೂಗಲ್ ಸ್ಕಾಲರ್ ಮತ್ತು ನಿಮ್ಮ ಲೈಬ್ರರಿಯ ಮೂಲಕ ಸಿಗುವ ಜೆಸ್ಟೋರ್‌ನಂಥ ಸಂಗ್ರಹಗಳು. ಹುಡುಕುವಾಗ ಪೂರ್ತಿ ಪ್ರಶ್ನೆಯನ್ನು ಟೈಪ್ ಮಾಡಬೇಡಿ. ಅದರೊಳಗಿನ ಎರಡು ಮೂರು ಮುಖ್ಯ ಪದಗಳನ್ನಷ್ಟೇ ಹಾಕಿ. ಜೊತೆಗೇ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಒಂದೇ ವಿಷಯಕ್ಕೆ ಬೇರೆ ಬೇರೆ ಹೆಸರಿದ್ದರೆ ಅವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ.

ಒಂದು ಒಳ್ಳೆಯ ಪೇಪರ್ ಸಿಕ್ಕಿತು ಅಂದರೆ ಅದರಿಂದ ಎರಡು ದಾರಿ ತೆರೆದುಕೊಳ್ಳುತ್ತವೆ. ಅದರ ಉಲ್ಲೇಖ ಪಟ್ಟಿ ನೋಡಿದರೆ ಹಿಂದಿನ ಸಂಶೋಧನೆ ಸಿಗುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರ್‌ನ ಕೆಳಗೆ "ಸೈಟೆಡ್ ಬೈ" ಒತ್ತಿದರೆ ಅದನ್ನು ಬಳಸಿಕೊಂಡು, ಅಥವಾ ಒಪ್ಪದೆ, ಆಮೇಲೆ ಬಂದ ಬರಹಗಳು ಸಿಗುತ್ತವೆ. ಈ ಎರಡನೇ ದಾರಿ ಗೊತ್ತಿಲ್ಲದೆ ಎಷ್ಟೋ ಜನ ಹಳೆಯ ವಾದವನ್ನೇ ಕೊನೆಯ ಮಾತು ಅಂತ ನಂಬಿ ಬರೆಯುತ್ತಾರೆ.

ಜರ್ನಲ್‌ನಲ್ಲಿ ಬಂದದ್ದೆಲ್ಲ ಸರಿ ಅಂತಲೂ ಇಲ್ಲ. ದಡಾರದಂಥ ರೋಗಗಳಿಗೆ ಮಕ್ಕಳಿಗೆ ಹಾಕುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಆ್ಯಂಡ್ರೂ ವೇಕ್‌ಫೀಲ್ಡ್ ಪೇಪರ್ ಬಂದದ್ದು "ಲ್ಯಾನ್ಸೆಟ್"ನಂಥ ಹೆಸರಾಂತ ಪತ್ರಿಕೆಯಲ್ಲಿ. ಆ ಪತ್ರಿಕೆ ಅದನ್ನು ಪೂರ್ತಿಯಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ನೀವು ಮುಖ್ಯವಾಗಿ ನೆಚ್ಚಿಕೊಳ್ಳುವ ಪೇಪರ್‌ನ ಪ್ರಕಾಶಕರ ಪುಟಕ್ಕೆ ಒಮ್ಮೆ ಹೋಗಿ, ಹಿಂತೆಗೆದುಕೊಂಡ ಸೂಚನೆ ಇದೆಯಾ ಅಂತ ನೋಡಿಬಿಡಿ.

ಇನ್ನು ಓದುವ ಕ್ರಮ. ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಕಾದಂಬರಿಯ ಹಾಗೆ ಓದಬೇಕಿಲ್ಲ. ಮೊದಲು ಅಬ್‌ಸ್ಟ್ರ್ಯಾಕ್ಟ್ (ಆರಂಭದಲ್ಲಿರುವ ಸಾರಾಂಶ), ಆಮೇಲೆ ಪೀಠಿಕೆಯ ಕೊನೆಯ ಪ್ಯಾರಾ, ಆಮೇಲೆ ಕೊನೆಯ ಭಾಗ. ಇಷ್ಟು ಓದಿದ ಮೇಲೂ ನಿಮ್ಮ ಪ್ರಶ್ನೆಗೆ ಉಪಯೋಗ ಕಾಣಿಸದಿದ್ದರೆ ಧೈರ್ಯವಾಗಿ ಬಿಡಿ. ಉಪಯೋಗ ಇದೆ ಅನ್ನಿಸಿದರೆ ಮಾತ್ರ ಪೂರ್ತಿ ಓದಿ.

ನೋಟ್ಸ್ ಹೀಗಿದ್ದರೆ ಮುಂದೆ ತಲೆನೋವಿಲ್ಲ

ಒಂದೊಂದು ಆಕರಕ್ಕೂ ಒಂದು ಪುಟ. ಮೇಲ್ಗಡೆ ಲೇಖಕರು, ಇಸವಿ, ಹೆಸರು, ಪ್ರಕಟವಾದ ಕಡೆ, ಡಿಒಐ. "10" ಅನ್ನುವ ಸಂಖ್ಯೆಯಿಂದ ಶುರುವಾಗುವ ಈ ಡಿಒಐ ಆ ಪೇಪರ್‌ನ ಕಾಯಂ ವಿಳಾಸ. ವೆಬ್‌ಸೈಟ್ ಬದಲಾದರೂ ಅದು ಬದಲಾಗುವುದಿಲ್ಲ. ಕೆಳಗೆ ಮೂರು ಬಗೆಯ ಬರಹವನ್ನು ಬೇರೆ ಬೇರೆಯಾಗಿ ಇಡಿ: ಲೇಖಕರ ಮಾತು ಇದ್ದದ್ದು ಇದ್ದ ಹಾಗೆ (ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆಯ ಜೊತೆ), ಲೇಖಕರ ವಿಚಾರ ನಿಮ್ಮ ಮಾತಿನಲ್ಲಿ, ಅದರ ಬಗ್ಗೆ ನಿಮ್ಮ ಅನಿಸಿಕೆ. ಮೂರಕ್ಕೂ ಬೇರೆ ಬೇರೆ ಬಣ್ಣ ಬಳಸಿ.

ಈ ಬಣ್ಣದ ಶಿಸ್ತು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಖಂಡಿತ ಚಿಕ್ಕದಲ್ಲ. ಬೇಕಂತಲೇ ಕದಿಯದವರ ಬರಹದಲ್ಲೂ ಕೃತಿಚೌರ್ಯ ನುಸುಳುವುದು ಇಲ್ಲಿಂದಲೇ. ಮೂರು ವಾರದ ಹಿಂದೆ ಕಾಪಿ ಮಾಡಿಟ್ಟ ವಾಕ್ಯ ನಮ್ಮದೇ ಅನ್ನಿಸಿಬಿಡುತ್ತದೆ.

ಆಕರಗಳು ಹತ್ತಕ್ಕಿಂತ ಜಾಸ್ತಿ ಇದ್ದರೆ ಜೊಟೆರೊ ಹಾಕಿಕೊಳ್ಳಿ. ಇದು ಉಚಿತ, ಮುಕ್ತ ತಂತ್ರಾಂಶ. ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಪೇಪರ್‌ನ ವಿವರ ಬಂದು ಕೂರುತ್ತದೆ. ವರ್ಡ್‌ನಲ್ಲಿ ಬರೆಯುವಾಗ ಉಲ್ಲೇಖವನ್ನೂ ಪಟ್ಟಿಯನ್ನೂ ಅದೇ ಹಾಕಿಕೊಡುತ್ತದೆ. ಆದರೆ ಅದು ತಂದ ವಿವರಗಳಲ್ಲಿ ಲೇಖಕರ ಹೆಸರು ಹಿಂದುಮುಂದಾಗಿರುವುದು, ಇಸವಿ ಬಿಟ್ಟುಹೋಗಿರುವುದು ಉಂಟು. ಕಣ್ಣಾಡಿಸಿ ಸರಿಮಾಡಿಕೊಳ್ಳಿ.

ಇಡೀ ಉತ್ತರವನ್ನು ಒಂದು ವಾಕ್ಯದಲ್ಲಿ ಹೇಳಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ತುಂಬ ಜನ ಹಾರಿಸಿಬಿಡುವುದೂ ಇದನ್ನೇ. ಓದು ಮುಗಿಯಿತು, ಇನ್ನು ಬರೆಯೋಣ ಅಂತ ಕೂರುತ್ತಾರೆ. ಓದಿಗೂ ಬರವಣಿಗೆಗೂ ನಡುವೆ ಒಂದು ದಿನ ಬೇಕು. ಪುಸ್ತಕ ಮುಚ್ಚಿ, ನೋಟ್ಸ್ ಪಕ್ಕಕ್ಕಿಟ್ಟು, ಒಂದು ಖಾಲಿ ಹಾಳೆ ತೆಗೆದುಕೊಂಡು ನಿಮ್ಮನ್ನೇ ಕೇಳಿಕೊಳ್ಳುವ ದಿನ: "ಸರಿ, ಹಾಗಾದರೆ ನನ್ನ ಉತ್ತರ ಏನು?"

ನಮ್ಮ ಪ್ರಶ್ನೆಗೆ ಈ ಕೆಲಸ ಮಾಡಿ ನೋಡೋಣ. ಓದಿನಿಂದ ನಮಗೆ ಗೊತ್ತಾಗಿರುವುದು ಇಷ್ಟು. ಗುಟೆನ್‌ಬರ್ಗ್ ಜರ್ಮನಿಯ ಮೈಂಜ್ ನಗರದಲ್ಲಿ ಬಿಡಿ ಅಚ್ಚುಮೊಳೆಗಳಿಂದ ಬೈಬಲ್ ಮುದ್ರಿಸಿದ್ದು ಸುಮಾರು 1455ರಲ್ಲಿ. ಲೂಥರ್ ತನ್ನ 95 ವಾದಗಳನ್ನು ಮುಂದಿಟ್ಟದ್ದು 1517ರಲ್ಲಿ. ಕೆಲವೇ ತಿಂಗಳಲ್ಲಿ ಅವು ಬೇರೆ ನಗರಗಳಲ್ಲಿ ಅಚ್ಚಾದವು. 1522ರ ಸೆಪ್ಟೆಂಬರ್‌ನಲ್ಲಿ ಬಂದ ಅವನ ಜರ್ಮನ್ ಹೊಸ ಒಡಂಬಡಿಕೆ (ಬೈಬಲ್‌ನ ಎರಡನೇ ಭಾಗ) ಡಿಸೆಂಬರ್ ಹೊತ್ತಿಗೆ ಮತ್ತೆ ಅಚ್ಚಾಯಿತು. ಇವೆಲ್ಲ ಮುದ್ರಣದ ಪರವಾಗಿ ನಿಲ್ಲುತ್ತವೆ.

ಆದರೆ ಇನ್ನೊಂದು ಕಡೆಯೂ ಇದೆ. ಯಾನ್ ಹುಸ್ ಎಂಬ ಬೊಹೀಮಿಯಾದ (ಇಂದಿನ ಚೆಕ್ ನಾಡಿನ) ಸುಧಾರಕನನ್ನು ಜೀವಂತ ಸುಟ್ಟದ್ದು 1415ರಲ್ಲಿ. ಅವನ ಹಿಂದೆ ಬಂದ ದೊಡ್ಡ ಚಳವಳಿಗೆ ಮುದ್ರಣದ ನೆರವು ಇರಲಿಲ್ಲ. ಇನ್ನೊಂದು ಸಂಗತಿ, ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಅಂತ ಚರ್ಚ್ ಹಣಕ್ಕೆ ಕೊಡುತ್ತಿದ್ದ, ಲೂಥರ್ ವಿರೋಧಿಸಿದ ಪಾಪವಿಮೋಚನಾ ಪತ್ರಗಳನ್ನೂ ಅದೇ ಯಂತ್ರ ಅಚ್ಚು ಹಾಕುತ್ತಿತ್ತು. 1454-55ರಷ್ಟು ಹಿಂದೆಯೇ ಮೈಂಜ್‌ನಲ್ಲಿ ಅವು ಅಚ್ಚಾಗಿದ್ದವು. ಅಂದರೆ ಯಂತ್ರ ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಜೊತೆಗೆ, 1521ರಲ್ಲಿ ವರ್ಮ್ಸ್ ನಗರದಲ್ಲಿ ಸೇರಿದ ಸಾಮ್ರಾಜ್ಯದ ಸಭೆ ಲೂಥರ್‌ನನ್ನು ಬಹಿಷ್ಕರಿಸಿದಾಗ ಅವನನ್ನು ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟು ಉಳಿಸಿದ್ದು ಸ್ಯಾಕ್ಸನಿಯ ದೊರೆ ಫ್ರೆಡರಿಕ್.

ಈ ಎರಡೂ ಕಡೆಯನ್ನು ಎದುರುಬದುರು ಇಟ್ಟರೆ ಒಂದು ಉತ್ತರ ಹೊಳೆಯುತ್ತದೆ: "ಸುಧಾರಣೆಯ ಬೇಡಿಕೆ ಮುದ್ರಣಕ್ಕಿಂತ ಹಳೆಯದು. ಆದರೆ ಹುಸ್‌ನ ಚಳವಳಿ ಹೆಚ್ಚಾಗಿ ಒಂದೇ ಪ್ರದೇಶಕ್ಕೆ ಸೀಮಿತವಾಗಿ, ಲೂಥರ್‌ನ ಚಳವಳಿ ಅಷ್ಟು ಬೇಗ ಹಲವು ರಾಜ್ಯಗಳಿಗೆ ಹಬ್ಬಿದ್ದಕ್ಕೆ ಮುದ್ರಣವೂ ರಾಜರ ರಕ್ಷಣೆಯೂ ಒಟ್ಟಿಗೆ ಸೇರಿದ್ದು ಕಾರಣ. ಹಾಗಾಗಿ 'ನಡೆಯುತ್ತಿರಲಿಲ್ಲ' ಅನ್ನುವುದು ಜಾಸ್ತಿ ಆಯಿತು, 'ಇಷ್ಟು ವೇಗವಾಗಿ, ಇಷ್ಟು ವಿಸ್ತಾರವಾಗಿ ನಡೆಯುತ್ತಿರಲಿಲ್ಲ' ಅನ್ನುವುದು ಸರಿ."

ಒಂದು ವಾಕ್ಯ ಅಂತ ಹೇಳಿ ಮೂರು ಆಯಿತು, ಪರವಾಗಿಲ್ಲ. ಈ ಉತ್ತರವನ್ನು ಮೂರು ಪರೀಕ್ಷೆಗೆ ಒಡ್ಡಿ. ತಿಳಿದವರೊಬ್ಬರು ಇದನ್ನು ಒಪ್ಪದೇ ಇರಲು ಸಾಧ್ಯವಾ? ಸಾಧ್ಯ ಇಲ್ಲ ಅಂದರೆ ಅದು ವಾದವೇ ಅಲ್ಲ, ಬರೀ ಮಾಹಿತಿ. ನಿಮ್ಮ ಹತ್ತಿರ ಇದಕ್ಕೆ ಆಧಾರ ಇದೆಯಾ? ಕೊಟ್ಟಿರುವ ಪದಮಿತಿಯಲ್ಲಿ ಸಾಧಿಸಬಹುದಾ? "ಮುದ್ರಣ ಯಂತ್ರ ಪ್ರಪಂಚವನ್ನೇ ಬದಲಾಯಿಸಿತು" ಅನ್ನುವುದು ಮೂರನೇ ಪರೀಕ್ಷೆಯಲ್ಲೇ ಬಿದ್ದುಹೋಗುತ್ತದೆ.

ಉತ್ತರ ಹೊಳೆಯದೇ ಹೋದರೆ? ಗೆಳೆಯರೊಬ್ಬರನ್ನು ಕೂರಿಸಿಕೊಂಡು ಐದು ನಿಮಿಷ ಬಾಯಲ್ಲಿ ಹೇಳಿ. ನಿಮ್ಮ ವಿಷಯ ಓದದವರಾದರೆ ಇನ್ನೂ ಒಳ್ಳೆಯದು. ಅವರು "ಅದಕ್ಕೇನೀಗ?" ಅಂತ ಕೇಳಿದಾಗ ನೀವು ಥಟ್ಟನೆ ಹೇಳುವ ಮಾತೇ ಎಷ್ಟೋ ಸಲ ನಿಮ್ಮ ವಾದ ಆಗಿರುತ್ತದೆ. ತಕ್ಷಣ ಬರೆದಿಟ್ಟುಕೊಳ್ಳಿ.

ಔಟ್‌ಲೈನ್

ಉತ್ತರ ಸಿಕ್ಕ ಮೇಲೆ ಔಟ್‌ಲೈನ್ ಸುಲಭ. ಆ ಉತ್ತರವನ್ನು ಓದುಗರು ಒಪ್ಪಬೇಕಾದರೆ ಯಾವ ಯಾವ ಮಾತನ್ನು ಮೊದಲು ಒಪ್ಪಬೇಕು ಅಂತ ಯೋಚಿಸಿ. ಒಂದೊಂದು ಮಾತಿಗೂ ಒಂದು ಭಾಗ. ಭಾಗಗಳ ಹೆಸರನ್ನು "ಹಿನ್ನೆಲೆ", "ಕಾರಣಗಳು" ಅಂತ ಬರೆಯಬೇಡಿ. ಪೂರ್ತಿ ವಾಕ್ಯ ಬರೆಯಿರಿ: "ಸುಧಾರಣೆಯ ಬೇಡಿಕೆ ಮುದ್ರಣಕ್ಕೆ ಮುಂಚೆಯೂ ಇತ್ತು." "ಮುದ್ರಣ ಚರ್ಚೆಯ ವೇಗವನ್ನು ಬದಲಾಯಿಸಿತು." "ಓದು ಬಾರದವರಿಗೆ ಸಂದೇಶ ತಲುಪಿದ್ದು ಚಿತ್ರ, ಹಾಡು, ಉಪದೇಶದಿಂದ." "ರಾಜರ ರಕ್ಷಣೆ ಇಲ್ಲದಿದ್ದರೆ ಅಚ್ಚಾದ ಹಾಳೆಗಳು ಸಾಲುತ್ತಿರಲಿಲ್ಲ." ಈ ನಾಲ್ಕು ವಾಕ್ಯ ಒಂದರ ಕೆಳಗೆ ಒಂದು ಓದಿದರೇ ವಾದದ ನಡಿಗೆ ಕಾಣಬೇಕು.

ಪದಗಳನ್ನು ಈಗಲೇ ಹಂಚಿಬಿಡಿ. 2,500ರಲ್ಲಿ ಪೀಠಿಕೆಗೆ 200, ಕೊನೆಗೆ 200. ಉಳಿದ 2,100 ಈ ನಾಲ್ಕು ಭಾಗಗಳಿಗೆ. ಸಮವಾಗಿ ಹಂಚಬೇಕಿಲ್ಲ. ನಿಮ್ಮ ವಾದದಲ್ಲಿ ಹೆಚ್ಚು ವಿವಾದಕ್ಕೆ ಒಳಗಾಗುವ ಭಾಗಕ್ಕೆ ಜಾಸ್ತಿ ಕೊಡಿ. ಹಿನ್ನೆಲೆಗೆ 800 ಪದ ಹೋಗಿದೆ ಅಂದರೆ ಏನೋ ತಪ್ಪಿದೆ ಅಂತಲೇ ಅರ್ಥ.

ಪ್ರಯೋಗ ಅಥವಾ ಸಮೀಕ್ಷೆ ಆಧರಿಸಿದ ವರದಿಯಾದರೆ ಚೌಕಟ್ಟು ಮೊದಲೇ ಸಿದ್ಧ ಇರುತ್ತದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. ಬರೆಯುವಾಗ ವಿಧಾನದಿಂದ ಶುರು ಮಾಡಿ, ಪೀಠಿಕೆಯನ್ನು ಕೊನೆಗೆ ಬರೆಯಿರಿ. ಏನು ಮಾಡಿದಿರಿ ಅನ್ನುವುದು ನಿಮಗೆ ಚೆನ್ನಾಗಿ ಗೊತ್ತಿರುವುದರಿಂದ ಅಲ್ಲಿ ಕೈ ಓಡುತ್ತದೆ.

ಮೊದಲ ಡ್ರಾಫ್ಟ್

ಮೊದಲ ಡ್ರಾಫ್ಟ್ ಬರೆಯುವಾಗ ತಿದ್ದಬೇಡಿ. ಬರೆಯುವುದು, ತಿದ್ದುವುದು ಎರಡೂ ಬೇರೆ ಬೇರೆ ಮನಸ್ಥಿತಿಯ ಕೆಲಸಗಳು. ಸರಿಯಾದ ಪದ ಸಿಗಲಿಲ್ಲವಾ, ಖಾಲಿ ಬಿಟ್ಟು ಮುಂದೆ ಹೋಗಿ. ಇಸವಿ ನೆನಪಿಲ್ಲವಾ, ಹಳದಿ ಗುರುತು ಹಾಕಿ ಮುಂದೆ ಹೋಗಿ. ಆದರೆ ಒಂದನ್ನು ಮಾತ್ರ ಮುಂದೂಡಬೇಡಿ: ಯಾರ ವಿಚಾರ, ಯಾವ ಪುಟ ಅನ್ನುವುದನ್ನು ಅಲ್ಲಲ್ಲೇ ಹಾಕಿ. ಆಮೇಲೆ ಹುಡುಕುತ್ತೇನೆ ಅಂದರೆ ಸಿಗುವುದಿಲ್ಲ.

ಒಂದು ಪ್ಯಾರಾಕ್ಕೆ ಒಂದೇ ಕೆಲಸ. ಮೊದಲ ವಾಕ್ಯದಲ್ಲಿ ನಿಮ್ಮ ಮಾತು, ಆಮೇಲೆ ಆಧಾರ, ಆಮೇಲೆ ಆ ಆಧಾರ ನಿಮ್ಮ ಮಾತನ್ನು ಹೇಗೆ ಸಾಧಿಸುತ್ತದೆ ಅನ್ನುವ ವಿವರಣೆ. ಹೆಚ್ಚಿನ ಬರಹಗಳಲ್ಲಿ ಈ ಮೂರನೆಯದೇ ಇರುವುದಿಲ್ಲ. ಆಧಾರವನ್ನು ಓದುಗರ ಮುಂದೆ ಇಟ್ಟು ಹೊರಟುಬಿಡುತ್ತಾರೆ. ಈ ಪ್ಯಾರಾ ನೋಡಿ:

"ಅಚ್ಚಾದ ಹಾಳೆ ಓದು ಬಲ್ಲವರಿಗೆ ಮಾತ್ರ ಸೀಮಿತವಾಗಿತ್ತು ಅಂತ ಹೇಳಲಾಗದು. 16ನೇ ಶತಮಾನದ ಆರಂಭದಲ್ಲಿ ಜರ್ಮನ್ ನಾಡುಗಳಲ್ಲಿ ಓದು ಬಲ್ಲವರು ಕಡಿಮೆ ಇದ್ದರು. ಆದರೆ ಚಿತ್ರಕಾರ ಲೂಕಾಸ್ ಕ್ರಾನಾಕ್‌ನ ಕಾರ್ಯಾಗಾರದಿಂದ 1521ರಲ್ಲಿ ಬಂದ ಮರದಚ್ಚಿನ ಚಿತ್ರಗಳು ಒಂದು ಬದಿಯಲ್ಲಿ ಕ್ರಿಸ್ತನ ಸರಳತೆಯನ್ನೂ ಇನ್ನೊಂದು ಬದಿಯಲ್ಲಿ ಪೋಪ್‌ನ ವೈಭವವನ್ನೂ ಎದುರುಬದುರು ತೋರಿಸಿದವು. ಇಂಥ ಚಿತ್ರದ ಸಾರ ತಿಳಿಯಲು ಅಕ್ಷರ ಬೇಕಿರಲಿಲ್ಲ. ಹಾಗಾಗಿ ಓದು ಬಲ್ಲವರು ಕಡಿಮೆ ಇದ್ದರು ಅನ್ನುವ ಒಂದೇ ಕಾರಣಕ್ಕೆ ಮುದ್ರಣದ ಪ್ರಭಾವವನ್ನು ಸಣ್ಣದು ಅನ್ನಲು ಬರುವುದಿಲ್ಲ."

ಕೊನೆಯ ಎರಡು ವಾಕ್ಯ ತೆಗೆದು ಓದಿ ನೋಡಿ. ಒಳ್ಳೆಯ ಮಾಹಿತಿ ಉಳಿಯುತ್ತದೆ, ವಾದ ಹೊರಟುಹೋಗುತ್ತದೆ. ಇನ್ನೊಂದು ಗಮನಿಸಿ. ಈ ಪ್ಯಾರಾ ಎದುರು ವಾದವನ್ನು ಮುಚ್ಚಿಡಲಿಲ್ಲ, ಅದನ್ನೇ ಎತ್ತಿಕೊಂಡು ಉತ್ತರ ಕೊಟ್ಟಿತು. ಎದುರಾಳಿಯ ಅತ್ಯಂತ ಬಲವಾದ ಮಾತನ್ನು ನ್ಯಾಯವಾಗಿ ಹೇಳಿ ಆಮೇಲೆ ಉತ್ತರಿಸಿದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಪೀಠಿಕೆಯನ್ನು "ಅನಾದಿ ಕಾಲದಿಂದಲೂ ಮಾನವ..." ಅಂತ ಶುರು ಮಾಡಬೇಡಿ. ಪ್ರಶ್ನೆ ಯಾಕೆ ಕಷ್ಟದ್ದು, ನಿಮ್ಮ ಉತ್ತರ ಏನು, ಯಾವ ಕ್ರಮದಲ್ಲಿ ಅಲ್ಲಿಗೆ ತಲುಪುತ್ತೀರಿ, ಇಷ್ಟು ಸಾಕು. ಉತ್ತರವನ್ನು ಕೊನೆಗೆ ಬಚ್ಚಿಡಲು ಇದು ಪತ್ತೇದಾರಿ ಕಥೆ ಅಲ್ಲ ಅಲ್ವಾ. ಕೊನೆಯ ಭಾಗದಲ್ಲಿ ಹೊಸ ಆಧಾರ ತರಬೇಡಿ. ನಿಮ್ಮ ವಾದದ ಮಿತಿ ಎಲ್ಲಿದೆ ಅಂತ ಪ್ರಾಮಾಣಿಕವಾಗಿ ಒಂದೆರಡು ವಾಕ್ಯ ಬರೆಯಿರಿ.

ಉಲ್ಲೇಖ, ಮತ್ತು ಬೇರೆಯವರ ಮಾತನ್ನು ನಮ್ಮ ಮಾತಲ್ಲಿ ಹೇಳುವುದು

ಬಳಕೆಯಲ್ಲಿರುವ ಮುಖ್ಯ ಶೈಲಿಗಳು ಕೆಲವೇ. ಮನಶ್ಶಾಸ್ತ್ರ, ಶಿಕ್ಷಣ, ಸಮಾಜ ವಿಜ್ಞಾನಗಳಲ್ಲಿ ಎಪಿಎ: ಲೇಖಕರ ಹೆಸರು, ಇಸವಿ. ಅದರ 7ನೇ ಆವೃತ್ತಿ ಬಂದದ್ದು 2019ರಲ್ಲಿ. ಅದರ ಪ್ರಕಾರ ಮೂರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲದಿಂದಲೇ ಮೊದಲನೆಯವರ ಹೆಸರು ಹಾಕಿ "ಎಟ್ ಆಲ್" (ಮತ್ತು ಇತರರು) ಅಂದರೆ ಸಾಕು. ಸಾಹಿತ್ಯದಲ್ಲಿ ಎಂಎಲ್ಎ: ಲೇಖಕರ ಹೆಸರು, ಪುಟಸಂಖ್ಯೆ. ಇತಿಹಾಸದಲ್ಲಿ ಹೆಚ್ಚಾಗಿ ಶಿಕಾಗೊ ಶೈಲಿಯ ಅಡಿಟಿಪ್ಪಣಿ. ಎಂಜಿನಿಯರಿಂಗ್‌ನಲ್ಲಿ ಐಇಇಇ: ಚೌಕ ಆವರಣದೊಳಗೆ ಸಂಖ್ಯೆ. ಯಾವುದನ್ನು ಹೇಳಿದ್ದಾರೋ ಅದನ್ನೇ ಬಳಸಿ, ಬೆರೆಸಬೇಡಿ.

ಶೈಲಿಗಿಂತ ಕಷ್ಟದ್ದು ವಿಚಾರವನ್ನು ನಮ್ಮ ಮಾತಲ್ಲಿ ಹೇಳುವುದು. ಒಂದು ಪುಸ್ತಕದಲ್ಲಿ ಹೀಗಿದೆ ಅಂತ ಇಟ್ಟುಕೊಳ್ಳಿ: "ಮುದ್ರಣವು ವಿಚಾರಗಳ ಪ್ರಸರಣದ ವೇಗವನ್ನು ಹೆಚ್ಚಿಸಿತು, ಆದರೆ ಅವುಗಳ ಸ್ವೀಕಾರವನ್ನು ಸ್ಥಳೀಯ ಅಧಿಕಾರ ನಿರ್ಧರಿಸಿತು." ಇದನ್ನು "ಅಚ್ಚು ಯಂತ್ರವು ಚಿಂತನೆಗಳ ಹರಡುವಿಕೆಯ ಗತಿಯನ್ನು ಏರಿಸಿತು, ಆದರೆ ಅವುಗಳ ಒಪ್ಪಿಗೆಯನ್ನು ಸ್ಥಳೀಯ ಆಡಳಿತ ತೀರ್ಮಾನಿಸಿತು" ಅಂತ ಬರೆದರೆ ಪದ ಮಾತ್ರ ಬದಲಾಗಿದೆ, ವಾಕ್ಯದ ಎಲುಬು ಅದೇ ಇದೆ. ಉಲ್ಲೇಖ ಹಾಕಿದರೂ ಇದು ಕೃತಿಚೌರ್ಯವೇ. ಪುಸ್ತಕ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನೆನಪಿನಿಂದ ಬರೆಯಿರಿ: "ಒಂದು ಊರಿಗೆ ಲೂಥರ್‌ನ ಬರಹ ಎಷ್ಟು ಬೇಗ ತಲುಪಿತು ಅನ್ನುವುದು ಮುದ್ರಣಕ್ಕೆ ಬಿಟ್ಟದ್ದು. ಆ ಊರು ಅದನ್ನು ಒಪ್ಪಿತೋ ಇಲ್ಲವೋ ಅನ್ನುವುದು ಅಲ್ಲಿ ಆಳುತ್ತಿದ್ದವರಿಗೆ ಬಿಟ್ಟದ್ದು." ಈಗ ಇದು ನಿಮ್ಮ ಮಾತು. ವಿಚಾರ ಮಾತ್ರ ಆ ಲೇಖಕರದೇ, ಹಾಗಾಗಿ ಉಲ್ಲೇಖ ಇಲ್ಲೂ ಬೇಕು.

ಬರಹವನ್ನು ಬೇರೆ ಬರಹಗಳ ಜೊತೆ ಹೋಲಿಸಿ ನೋಡುವ ಟರ್ನಿಟಿನ್‌ನಂಥ ತಂತ್ರಾಂಶ ಕೊಡುವ ಶೇಕಡಾವಾರು ಸಂಖ್ಯೆ ನೋಡಿ ಹೆದರಬೇಡಿ. ಅದು ಹೋಲಿಕೆಯ ಅಳತೆ, ಕಳ್ಳತನದ ತೀರ್ಪಲ್ಲ. ಸರಿಯಾಗಿ ಉದ್ಧರಿಸಿದ ಮಾತೂ ಉಲ್ಲೇಖ ಪಟ್ಟಿಯೂ ಆ ಸಂಖ್ಯೆಯೊಳಗೆ ಸೇರಿರಬಹುದು. ಸಂಖ್ಯೆಯನ್ನು ಬಿಟ್ಟು, ಯಾವ ವಾಕ್ಯಕ್ಕೆ ಬಣ್ಣ ಹಚ್ಚಿದೆ ಅಂತ ನೋಡಿ.

ಎಐ ಬಗ್ಗೆ ನೇರವಾಗಿ

ನಿಮ್ಮ ಸಂಸ್ಥೆಯ ನಿಯಮ ಏನು ಹೇಳುತ್ತದೋ ಅದೇ ಕೊನೆಯ ಮಾತು. ಬಳಸಬಹುದು ಅಂತಿದ್ದರೂ ಚಾಟ್‌ಜಿಪಿಟಿಯಂಥ ಸಾಧನ ಕೊಟ್ಟ ಉಲ್ಲೇಖವನ್ನು ಕಣ್ಣಾರೆ ನೋಡದೆ ಬಳಸಬೇಡಿ. ಇಲ್ಲದ ಪೇಪರ್‌ಗೆ ನಿಜವಾದ ಲೇಖಕರ ಹೆಸರು, ನಂಬುವಂಥ ಶೀರ್ಷಿಕೆ ಎಲ್ಲ ಸೇರಿಸಿ ಅದು ಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಹೀಗೆ ಹುಟ್ಟಿಕೊಂಡ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು.

ನನಗೆ ಇದಕ್ಕಿಂತ ಜಾಸ್ತಿ ಕಾಳಜಿ ಇರುವುದು ಬೇರೆ ಕಡೆ. "ನನ್ನ ಉತ್ತರ ಏನು?" ಅನ್ನುವ ಆ ಒಂದು ದಿನದ ಕೆಲಸವನ್ನು ಯಂತ್ರಕ್ಕೆ ಕೊಟ್ಟರೆ ಕೋರ್ಸ್‌ವರ್ಕ್ ನಿಮಗೆ ಕೊಡಬೇಕಿದ್ದದ್ದು ನಿಮ್ಮ ಕೈಗೆ ಬರುವುದೇ ಇಲ್ಲ. ವೈವಾದಲ್ಲಿ ಒಂದೇ ಪ್ರಶ್ನೆ ಸಾಕು, ಅದು ಬಯಲಾಗುತ್ತದೆ.

ಪೂರ್ತಿ ನೀವೇ ಬರೆದಿದ್ದರೂ ಅನುಮಾನ ಬರಬಹುದು. ಎಐ ಬರಹ ಪತ್ತೆಹಚ್ಚುವ ಸಾಧನಗಳು ತಪ್ಪುತ್ತವೆ. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಹಾಗಾಗಿ ನೋಟ್ಸ್, ಔಟ್‌ಲೈನ್, ಹಳೆಯ ಡ್ರಾಫ್ಟ್ ಯಾವುದನ್ನೂ ಅಳಿಸಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಆವೃತ್ತಿಗಳ ಇತಿಹಾಸ ತಾನಾಗಿ ಉಳಿಯುತ್ತದೆ.

ತಿದ್ದುವುದು

ಡ್ರಾಫ್ಟ್ ಮುಗಿದ ಮೇಲೆ ಒಂದು ದಿನವಾದರೂ ಅದನ್ನು ಮುಟ್ಟಬೇಡಿ. ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ. ಕಾಗುಣಿತ ತಿದ್ದಿ ಚಂದ ಮಾಡಿದ ಪ್ಯಾರಾವನ್ನು ಆಮೇಲೆ ಕಿತ್ತುಹಾಕಲು ಮನಸ್ಸು ಬರುವುದಿಲ್ಲ, ಅದಕ್ಕೇ ಈ ಕ್ರಮ.

ಮೊದಲ ಸುತ್ತಿನಲ್ಲಿ ಪ್ರತಿ ಪ್ಯಾರಾದ ಪಕ್ಕ ಅದು ಏನು ಹೇಳುತ್ತಿದೆ ಅಂತ ಆರೇಳು ಪದದಲ್ಲಿ ಬರೆಯಿರಿ. ಔಟ್‌ಲೈನ್ ನೋಡದೆ, ಬರೆದದ್ದನ್ನು ನೋಡಿ ಬರೆಯಿರಿ. ಎರಡು ಪ್ಯಾರಾಕ್ಕೆ ಒಂದೇ ಟಿಪ್ಪಣಿ ಬಂದರೆ ಒಂದು ಬೇಡ. ಒಂದು ಪ್ಯಾರಾಕ್ಕೆ ಎರಡು ಟಿಪ್ಪಣಿ ಬೇಕಾದರೆ ಅದನ್ನು ಒಡೆಯಿರಿ. ಟಿಪ್ಪಣಿಗೂ ನಿಮ್ಮ ಉತ್ತರಕ್ಕೂ ಸಂಬಂಧ ಕಾಣದಿದ್ದರೆ ಎಷ್ಟೇ ಕಷ್ಟಪಟ್ಟು ಹುಡುಕಿದ ಮಾಹಿತಿಯಾದರೂ ತೆಗೆಯಿರಿ. ಮನಸ್ಸಿಗೆ ನೋವಾಗುತ್ತದೆ, ನಿಜ. ಬೇರೆ ಫೈಲಿನಲ್ಲಿ ಎತ್ತಿಟ್ಟುಕೊಳ್ಳಿ, ಇನ್ನೊಂದು ಬರಹಕ್ಕೆ ಬರುತ್ತದೆ.

ಎರಡನೇ ಸುತ್ತು ಗಟ್ಟಿಯಾಗಿ ಓದುವುದು. ಉಸಿರು ಕಟ್ಟುವ ಕಡೆ ವಾಕ್ಯ ಒಡೆಯಿರಿ. ನಾಲಿಗೆ ತೊಡರುವ ಕಡೆ ಸರಳ ಪದ ಹಾಕಿ. "ಇದು", "ಅದು" ಅಂತ ಇರುವ ಕಡೆಯೆಲ್ಲ ಯಾವುದು ಅಂತ ಓದುಗರಿಗೆ ಗೊತ್ತಾಗುತ್ತದಾ ನೋಡಿ. ಕೊನೆಯ ಸುತ್ತಿನಲ್ಲಿ ಕಾಗುಣಿತ, ಇಸವಿ, ಹೆಸರು. ಜೊತೆಗೆ ಬರಹದೊಳಗಿನ ಪ್ರತಿ ಉಲ್ಲೇಖವೂ ಪಟ್ಟಿಯಲ್ಲಿದೆಯಾ, ಪಟ್ಟಿಯಲ್ಲಿರುವ ಪ್ರತಿಯೊಂದೂ ಬರಹದಲ್ಲಿ ಬಂದಿದೆಯಾ ಅಂತ ಒಂದೊಂದಾಗಿ ಗೀಟು ಹಾಕುತ್ತಾ ನೋಡಿ. ಈ ಅರ್ಧ ಗಂಟೆಯ ಕೆಲಸ ಮಾಡದೆ ಸುಮ್ನೆ ಅಂಕ ಕಳೆದುಕೊಳ್ಳುವವರು ತುಂಬ ಜನ.

ಬೇರೆಯವರಿಗೆ ಓದಲು ಕೊಡುವಾಗ "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಬರುತ್ತದೆ. "ನಾನು ಏನು ವಾದ ಮಾಡುತ್ತಿದ್ದೇನೆ, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳಿ. "ಎಲ್ಲಿ ನಂಬಿಕೆ ಬರಲಿಲ್ಲ?" ಅಂತ ಕೇಳಿ.

ಸಬ್‌ಮಿಟ್ ಮಾಡುವ ದಿನ

ಫೈಲನ್ನು ಕೇಳಿರುವ ಹೆಸರಿನಲ್ಲಿ, ಕೇಳಿರುವ ಮಾದರಿಯಲ್ಲಿ ಉಳಿಸಿ. ಪಿಡಿಎಫ್ ಮಾಡಿದ ಮೇಲೆ ಒಮ್ಮೆ ತೆರೆದು ಎಲ್ಲ ಪುಟ ನೋಡಿ. ಕನ್ನಡದಲ್ಲಿ ಬರೆದಿದ್ದರೆ ಒತ್ತಕ್ಷರಗಳು ಒಡೆದಿವೆಯಾ ಅಂತ ವಿಶೇಷವಾಗಿ ನೋಡಿ, ಫಾಂಟ್ ಸರಿಯಾಗಿ ಸೇರದಿದ್ದರೆ ಹಾಗಾಗುತ್ತದೆ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ ಇರಲಿ. ಅಪ್‌ಲೋಡ್ ಆದ ಮೇಲೆ ಅದೇ ಪುಟದಿಂದ ಫೈಲನ್ನು ಮತ್ತೆ ಇಳಿಸಿಕೊಂಡು ತೆರೆಯಿರಿ. ಡ್ರಾಫ್ಟ್ ಎರಡರ ಬದಲು ಡ್ರಾಫ್ಟ್ ಒಂದು ಹೋಗಿದ್ದರೆ ಆಗಲೇ ಗೊತ್ತಾಗುತ್ತದೆ. ರಸೀದಿಯ ಸ್ಕ್ರೀನ್‌ಶಾಟ್ ತೆಗೆದಿಡಿ.

ತಿದ್ದಿದ ಪ್ರತಿ ವಾಪಸ್ ಬಂದಾಗ ಅಂಕದ ಜೊತೆ ಬರೆದ ಟಿಪ್ಪಣಿಗಳನ್ನೂ ಓದಿ. ಅರ್ಥವಾಗದ ಟಿಪ್ಪಣಿಯನ್ನು ಹಿಡಿದುಕೊಂಡು ಹೋಗಿ, "ಸರ್, ಈ ಪ್ಯಾರಾದಲ್ಲಿ ವಿಶ್ಲೇಷಣೆ ಸಾಲದು ಅಂದಿದ್ದೀರಿ, ಇಲ್ಲಿ ಇನ್ನೇನು ಬರಬೇಕಿತ್ತು?" ಅಂತ ಆ ಜಾಗವನ್ನೇ ತೋರಿಸಿ ಕೇಳಿ. ಅವರು ಹೇಳಿದ್ದನ್ನು ಮುಂದಿನ ಅಸೈನ್‌ಮೆಂಟ್‌ನ ಖಾಲಿ ಫೈಲಿನಲ್ಲಿ ಮೊದಲ ಸಾಲಾಗಿ ಬರೆದಿಟ್ಟುಕೊಳ್ಳಿ.